ದೊಡ್ಡ ಟೈರ್ ಹಾಕಿಸಿದ ಮೇಲೆ ಮೈಲೇಜ್ ಬಿತ್ತಾ? ಮೊದಲು ಕಿಲೋಮೀಟರ್ ಲೆಕ್ಕ ಸರಿಮಾಡಿಕೊಳ್ಳಿ



ಈ ವಾರ ಗೊಬ್ಬರ, ಕೀಟದ ವಿಷಯ ಪಕ್ಕಕ್ಕಿಡೋಣ. ತೋಟದಲ್ಲಿ ಬೆಳೆದದ್ದನ್ನು ಮಾರುಕಟ್ಟೆಗೆ ಮುಟ್ಟಿಸೋ ಪಿಕಪ್ ಬಗ್ಗೆ ಮಾತಾಡೋಣ. ನಾನು ಮಾಡಿದ ಒಂದು ತಪ್ಪಿನಿಂದಲೇ ಶುರು ಮಾಡ್ತೀನಿ.

ಕಳೆದ ಮಳೆಗಾಲದಲ್ಲಿ ನಮ್ಮ ಪಿಕಪ್‌ಗೆ ಒಂದು ಸೈಜ್ ದೊಡ್ಡ ಟೈರ್ ಹಾಕಿಸಿದೆ. ತೋಟದಿಂದ ಟಾರ್ ರಸ್ತೆಗೆ ಬರೋ ಬಂಡಿಜಾಡಿನಲ್ಲಿ ಗಾಡಿಯ ತಳ ನೆಲಕ್ಕೆ ಉಜ್ಜುತ್ತಿತ್ತು. ಹೊಸ ಟೈರಿನಿಂದ ಒಂದೂವರೆ ಸೆಂಟಿಮೀಟರ್ ಎತ್ತರ ಸಿಕ್ಕಿತು, ಆ ತೊಂದರೆ ನಿಂತಿತು. ಆದರೆ ತಿಂಗಳ ಕೊನೆಗೆ ಡೀಸೆಲ್ ಲೆಕ್ಕ ತಾಳೆ ಆಗಲಿಲ್ಲ. ಓಡೋಮೀಟರ್ ಪ್ರಕಾರ ಗಾಡಿ ಓಡಿದ್ದು 2,100 ಕಿ.ಮೀ. ಲೀಟರಿಗೆ 14 ಕಿ.ಮೀ. ಹಳೇ ಲೆಕ್ಕದಲ್ಲಿ 150 ಲೀಟರ್ ಸಾಕಿತ್ತು. ಹಾಕಿಸಿದ್ದು 160.

ಐದು ವರ್ಷದಿಂದ ನಮ್ಮ ಜೊತೆ ಇರೋ ಡ್ರೈವರ್ ಅಣ್ಣನನ್ನು ಕರೆದು ಕೇಳಿದೆ: "ಅಣ್ಣಾ, ಹತ್ತು ಲೀಟರ್ ಜಾಸ್ತಿ ಆಗಿದೆಯಲ್ಲ, ಏನು ಕಥೆ?" ನನ್ನ ದನಿಯಲ್ಲಿ ಅನುಮಾನ ಇತ್ತು, ಅದು ಅವರಿಗೂ ಗೊತ್ತಾಯಿತು. ಮಾತಾಡದೆ ಕೀ ತಂದು ಜಗಲಿ ಮೇಲೆ ಇಟ್ಟರು. "ನಾಳೆಯಿಂದ ನೀವೇ ಹಾಕಿಸ್ಕೊಂಡು ಬನ್ನಿ" ಅಂದರು, ಅಷ್ಟೇ.

ಮೀಟರ್ ತಪ್ಪಿರಬಹುದು ಅಂತ ನನಗೆ ಹೊಳೆಯದೇ ಇರಲಿಲ್ಲ. ಕುಣಿಗಲ್ ರಸ್ತೆಯಲ್ಲಿ ಮೊಬೈಲ್ ಜಿಪಿಎಸ್ ಹಾಕಿ ವೇಗ ನೋಡಿದ್ದೆ. ಸ್ಪೀಡೋಮೀಟರ್ 60 ಅಂದಾಗ ಜಿಪಿಎಸ್ಸೂ 59, 60 ಅಂತಿತ್ತು. ಮೀಟರ್ ಸರಿ ಇದೆ, ಹಾಗಾದ್ರೆ ಡೀಸೆಲ್ಲೇ ಸೋರುತ್ತಿದೆ ಅಂದುಕೊಂಡೆ. ನಾನು ಎಡವಿದ್ದು ಇಲ್ಲೇ.

ಸ್ಪೀಡೋಮೀಟರ್ ಬೇರೆ, ಓಡೋಮೀಟರ್ ಬೇರೆ

ಎರಡೂ ಎಣಿಸೋದು ಚಕ್ರದ ಸುತ್ತನ್ನೇ. ಒಂದು ಸುತ್ತಿಗೆ ಇಷ್ಟು ದೂರ ಅಂತ ಕಂಪನಿಯಲ್ಲಿ ಹಳೇ ಟೈರ್ ಅಳತೆಗೆ ಹೊಂದಿಸಿರ್ತಾರೆ. ಟೈರ್ ದೊಡ್ಡದಾದರೆ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತೆ, ಅದು ಮೀಟರಿಗೆ ಗೊತ್ತಾಗಲ್ಲ.

ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು ಅನ್ನೋ ನಿಯಮ ಇರೋದರಿಂದ ಸಾಮಾನ್ಯವಾಗಿ ಅದನ್ನು ಸ್ವಲ್ಪ ಹೆಚ್ಚೇ ತೋರಿಸುವಂತೆ ಮಾಡಿರ್ತಾರೆ. ನನ್ನ ಗಾಡಿಯಲ್ಲಿ ಹಳೇ ಟೈರ್ ಇದ್ದಾಗ ಮುಳ್ಳು 60ರಲ್ಲಿದ್ದರೆ ನಿಜವಾದ ವೇಗ 57 ಇರ್ತಿತ್ತು. ದೊಡ್ಡ ಟೈರ್ ಆ ಅಂತರವನ್ನು ತಿಂದುಹಾಕಿತು, ಮುಳ್ಳು ಸರಿ ಇದ್ದಂತೆ ಕಂಡಿತು. ಓಡೋಮೀಟರಿನಲ್ಲಿ ಈ ಹೆಚ್ಚುವರಿ ಇರಲಿಲ್ಲ. ಹಾಗಾಗಿ ಅದು ಈಗ ಓಡಿದ್ದಕ್ಕಿಂತ ಕಡಿಮೆ ಬರೆಯುತ್ತಿತ್ತು. ವೇಗ ತಾಳೆಯಾಯ್ತು ಅಂತ ದೂರವೂ ಸರಿ ಅಂದುಕೊಳ್ಳಬೇಡಿ.

ಹಂತ 1: ಟೈರ್ ಮೇಲಿನ ಅಂಕಿಯಿಂದ ಲೆಕ್ಕ

ನನ್ನ ಹಳೇ ಟೈರ್ 215/75 ಆರ್ 15, ಹೊಸದು 235/75 ಆರ್ 15. ಮೊದಲ ಅಂಕಿ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ ಎಷ್ಟು ಅಂತ. ಕೊನೆಯದು ರಿಮ್ಮಿನ ವ್ಯಾಸ, ಇಂಚಿನಲ್ಲಿ.

- ಹಳೇದು: 215 × 0.75 × 2 = 322.5. ಅದಕ್ಕೆ 15 × 25.4 = 381 ಕೂಡಿಸಿ. ಒಟ್ಟು ವ್ಯಾಸ 703.5 ಮಿ.ಮೀ.
- ಹೊಸದು: 235 × 0.75 × 2 = 352.5. ಅದಕ್ಕೆ 381 ಕೂಡಿಸಿ. ಒಟ್ಟು 733.5 ಮಿ.ಮೀ.
- 733.5 ÷ 703.5 = 1.043

ಅಂದರೆ ಮೀಟರ್ 1,000 ಅಂದಾಗ ಗಾಡಿ ಓಡಿರೋದು 1,043 ಕಿ.ಮೀ.

ಹಂತ 2: ರಸ್ತೆ ಮೇಲೆ ಖಾತ್ರಿ

ಕಾಗದದ ಲೆಕ್ಕ ಅಂದಾಜು ಮಾತ್ರ. ಭಾರ, ಗಾಳಿ, ಸವೆತ ಎಲ್ಲ ಸೇರಿ ಅಂಕಿ ಬದಲಾಗುತ್ತೆ. ಟೈರಿನ ಪದರ 6 ಮಿ.ಮೀ. ಸವೆದರೇ ವ್ಯಾಸ 12 ಮಿ.ಮೀ. ಇಳಿಯುತ್ತೆ, ಅದು ಸುಮಾರು ಶೇ. 1.7. ಅದಕ್ಕೇ ಸವೆದ ಟೈರ್ ತೆಗೆದು ಅದೇ ಸೈಜಿನ ಹೊಸದು ಹಾಕಿದರೂ ಮೈಲೇಜ್ ಸ್ವಲ್ಪ ಬಿದ್ದಂತೆ ಕಾಣುತ್ತೆ.

ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ಸರಿಮಾಡಿ. ಮಾಮೂಲಿ ಲೋಡ್ ಇರಲಿ. ಮೊಬೈಲ್‌ನಲ್ಲಿ ದೂರ ಅಳೆಯೋ ಜಿಪಿಎಸ್ ಆ್ಯಪ್ ಹಾಕಿ, ನೇರವಾದ ಹೆದ್ದಾರಿಯಲ್ಲಿ 30–40 ಕಿ.ಮೀ. ಹೋಗಿ. ಮೊಬೈಲ್ ನೋಡೋಕೆ ಪಕ್ಕದಲ್ಲಿ ಒಬ್ಬರು ಇರಲಿ, ಓಡಿಸೋರು ನೋಡೋದು ಬೇಡ. ಕುಣಿಗಲ್ಲಿನಿಂದ ನೆಲಮಂಗಲದ ಕಡೆ ಹೋಗ್ತಾ ನನಗೆ ಜಿಪಿಎಸ್ 40 ಕಿ.ಮೀ. ತೋರಿಸಿದಾಗ ಓಡೋಮೀಟರ್ 38.4 ತೋರಿಸಿತು. 40 ÷ 38.4 = 1.042. ಕಾಗದದ ಲೆಕ್ಕಕ್ಕೂ ರಸ್ತೆಯ ಲೆಕ್ಕಕ್ಕೂ ತಾಳೆ ಬಂತು. ಇನ್ನು ಮುಂದೆ ಬಳಸಬೇಕಾದ್ದು ಈ ರಸ್ತೆಯ ಅಂಕಿಯನ್ನೇ.

ಹಂತ 3: ಫುಲ್ ಟ್ಯಾಂಕ್ ಲೆಕ್ಕ

ಬಂಕಿನಲ್ಲಿ ನಾಜಲ್ ತಾನಾಗೇ ಕಟ್ ಆಗೋವರೆಗೆ ಡೀಸೆಲ್ ಹಾಕಿಸಿ, ಮೀಟರ್ ಫೋಟೋ ತೆಗೀರಿ. 300–400 ಕಿ.ಮೀ. ಆದ ಮೇಲೆ ಅದೇ ಬಂಕಿನಲ್ಲಿ ಅದೇ ರೀತಿ ತುಂಬಿಸಿ. ಓಡಿದ ಕಿಲೋಮೀಟರನ್ನು ನಿಮ್ಮ ಅಂಕಿಯಿಂದ ಗುಣಿಸಿ, ಲೀಟರಿನಿಂದ ಭಾಗಿಸಿ. ಮೂರು ಸಲ ಮಾಡಿ ಸರಾಸರಿ ತೆಗೀರಿ. ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ ತೋರಿಸೋ ಗಾಡಿಯಾದರೂ ಅದು ಇದೇ ತಪ್ಪು ದೂರವನ್ನು ಬಳಸುತ್ತೆ, ಆ ಅಂಕಿಯನ್ನೂ ಗುಣಿಸಲೇಬೇಕು.

ಈಗ ನನ್ನ ಆ ತಿಂಗಳ ಲೆಕ್ಕ ನೋಡಿ. 2,100 × 1.042 = 2,188 ಕಿ.ಮೀ. ಹಳೇ ಮೈಲೇಜಿನಲ್ಲೇ ಇದಕ್ಕೆ 156 ಲೀಟರ್ ಬೇಕು. ಹತ್ತರಲ್ಲಿ ಆರು ಲೀಟರ್ ಇಲ್ಲೇ ಸಿಕ್ಕಿತು. ಉಳಿದ ನಾಲ್ಕು ಟೈರಿನ ಹೆಚ್ಚಿನ ತೂಕ, ಅಗಲಕ್ಕೆ ಹೋಗಿದೆ. ನಿಜವಾದ ಮೈಲೇಜ್ 13.1 ಅಲ್ಲ, 13.7. ಫುಲ್ ಟ್ಯಾಂಕ್ ಪರೀಕ್ಷೆಯಲ್ಲೂ ಮೂರು ಸಲವೂ ಇದರ ಆಸುಪಾಸೇ ಬಂತು. ಒಂದು ಹನಿಯೂ ಕಳುವಾಗಿರಲಿಲ್ಲ.

ಇನ್ನೊಂದು ನಷ್ಟವೂ ಗೊತ್ತಾಯಿತು. ಅಕ್ಕಪಕ್ಕದವರ ತರಕಾರಿಯನ್ನು ಕಿಲೋಮೀಟರಿಗೆ 20 ರೂಪಾಯಿ ಬಾಡಿಗೆಗೆ ಒಯ್ಯುತ್ತೇವೆ. 88 ಕಿ.ಮೀ. ಲೆಕ್ಕಕ್ಕೇ ಬಂದಿರಲಿಲ್ಲ, ಅಂದರೆ ತಿಂಗಳಿಗೆ 1,760 ರೂಪಾಯಿ.

ಮೀಟರನ್ನೇ ಸರಿ ಮಾಡಿಸಬಹುದಾ?

ಕೆಲವು ಹೊಸ ಗಾಡಿಗಳಲ್ಲಿ ಸರ್ವೀಸ್ ಸೆಂಟರಿನವರು ಕಂಪ್ಯೂಟರ್ ಜೋಡಿಸಿ ಟೈರ್ ಅಳತೆ ಬದಲಾಯಿಸ್ತಾರೆ. ಕೇಬಲ್ ಮೀಟರಿನ ಹಳೇ ಗಾಡಿಗಳಲ್ಲಿ ಮೀಟರ್ ಓಡಿಸೋ ಚಿಕ್ಕ ಹಲ್ಲುಚಕ್ರ ಬದಲಿಸಬೇಕಾಗುತ್ತೆ. ನನ್ನ ಗಾಡಿಗೆ ಎರಡೂ ಆಗಲಿಲ್ಲ. "× 1.042" ಅಂತ ಬರೆದ ಚೀಟಿ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸಿದ್ದೀನಿ, ಕೆಲಸ ನಡೀತಿದೆ.

ಟೈರ್ ಬದಲಿಸೋ ಮುಂಚೆ ಗಾಡಿಯ ಪುಸ್ತಕ ಅಥವಾ ಬಾಗಿಲಿನ ಸ್ಟಿಕರ್ ನೋಡಿ. ನನ್ನ ಪುಸ್ತಕದಲ್ಲಿ ಎರಡೂ ಅಳತೆ ಇತ್ತು. ಅದರಲ್ಲಿ ಇಲ್ಲದ ಸೈಜ್ ಹಾಕಿಸಿದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರಬಹುದು, ಇನ್ಶೂರೆನ್ಸ್‌ಗೂ ತಕರಾರು ಆಗಬಹುದು.

ಟ್ರ್ಯಾಕ್ಟರ್ ಇರೋರಿಗೆ

ಹಿಂದಿನ ಟೈರ್ ದೊಡ್ಡದಾದರೆ ಅದೇ ಗೇರ್, ಅದೇ ಆರ್‌ಪಿಎಂನಲ್ಲಿ ಟ್ರ್ಯಾಕ್ಟರ್ ಜೋರಾಗಿ ಹೋಗುತ್ತೆ. ಎಕರೆಗೆ 200 ಲೀಟರ್ ಬೀಳುತ್ತಿದ್ದ ಸಿಂಪಡಣೆ, ಟೈರ್ ಶೇ. 4ರಷ್ಟು ದೊಡ್ಡದಾದರೆ 192ಕ್ಕೆ ಇಳಿಯುತ್ತೆ. ಹೊಲದಲ್ಲಿ 50 ಮೀಟರ್ ಅಳೆದು ಎಷ್ಟು ಸೆಕೆಂಡ್ ಅಂತ ನೋಡಿ. 180ನ್ನು ಆ ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತೆ. 45 ಸೆಕೆಂಡ್ ಆದರೆ 4 ಕಿ.ಮೀ. ಫೋರ್ ವೀಲ್ ಡ್ರೈವ್ ಟ್ರ್ಯಾಕ್ಟರಿಗೆ ಹಿಂದಿನದನ್ನು ಮಾತ್ರ ಬದಲಿಸಬೇಡಿ, ಮುಂದಿನ ಚಕ್ರದ ಜೊತೆ ಹೊಂದಾಣಿಕೆ ತಪ್ಪಿ ಗೇರುಗಳಿಗೆ ಪೆಟ್ಟು.

ಲೆಕ್ಕ ಸಿಕ್ಕಿದ ದಿನವೇ ನೋಟ್‌ಬುಕ್ ಹಿಡಿದು ಡ್ರೈವರ್ ಅಣ್ಣನ ಮನೆಗೆ ಹೋದೆ. "ತಪ್ಪಾಯ್ತು ಅಣ್ಣಾ" ಅಂದೆ. ಅವರು ಲೆಕ್ಕವನ್ನೆಲ್ಲ ಒಂದೊಂದಾಗಿ ನೋಡಿ, "ಮೊದಲೇ ಟೇಪ್ ಹಿಡಿದಿದ್ರೆ ಆಗ್ತಿತ್ತಲ್ಲ" ಅಂದರು. ಮಾರನೇ ದಿನ ಬೆಳಗಿನ ಜಾವ ನಾಲ್ಕಕ್ಕೆ ಬಂದು ಸೊಪ್ಪಿನ ಲೋಡ್ ಹೊಡೆದುಕೊಂಡು ಹೋದರು.

ನಿಮ್ಮ ಗಾಡಿಯ ಟೈರ್ ಮೇಲಿನ ಅಂಕಿಯನ್ನು ಇವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಟೈರ್ ಬದಲಿಸೋ ದಿನ ಹಳೇ ಅಳತೆ ಬೇಕಾಗುತ್ತೆ.