ಗಾಳದ ಕೋಲು ಮುರಿದುದೇಕೆ?

ಹೊಳೆಬದಿಯಲ್ಲಿ ಬೆಳೆದವರಿಗೆ ಗಾಳದ ಕೋಲು ಹೊಸ ವಸ್ತುವೇನೂ ಅಲ್ಲ. ಬಿದಿರಿನ ಗಳವೊಂದರ ತುದಿಗೆ ತಂಗೂಸಿ ದಾರ ಕಟ್ಟಿದರೆ ಕೋಲಾಯಿತೆಂದೇ ನಾವೂ ತಿಳಿದಿದ್ದೆವು. ಆದರೆ ಕಳೆದ ವರ್ಷ ನಾವು ನಾಲ್ವರು ಸಹಪಾಠಿಗಳು ಪಯಸ್ವಿನಿಯಲ್ಲಿ ಗಾಳ ಹಾಕಲೆಂದು ನಮ್ಮ ಕೈಗೆ ಒಗ್ಗುವ ಕೋಲೊಂದನ್ನು ಮಾಡಹೊರಟಾಗ, ತರಗತಿಯಲ್ಲಿ ಓದಿ ಮರೆತಿದ್ದ ಎಷ್ಟೋ ಸಂಗತಿಗಳು ಆ ಬಿದಿರಿನೊಳಗೇ ಇರುವುದು ಗೊತ್ತಾಯಿತು. ಗೊತ್ತಾದುದು ಮೊದಲನೆಯ ಕೋಲು ಮುರಿದ ಮೇಲೆ!

ನೆರೆಮನೆಯ ಅಜ್ಜ ತಮ್ಮ ಮೆಳೆಯಿಂದ ಎರಡೇ ಎರಡು ಗಳ ಕಡಿಯಲು ಒಪ್ಪಿದರು. "ಮತ್ತೆ ಮೂರನೆಯದಕ್ಕೆ ಬರಬಾರದು ಮಕ್ಕಳೇ" ಎಂದೂ ಹೇಳಿದರು. ಎಳೆಯ ಬಿದಿರಿನಲ್ಲಿ ನೀರಿನಂಶ ಹೆಚ್ಚು. ಒಣಗುವಾಗ ಅದು ಸುಕ್ಕುಗಟ್ಟಿ ಸೀಳುತ್ತದೆ. ಆದುದರಿಂದ ಮೂರು ವರ್ಷ ದಾಟಿದ, ಬಡಿದರೆ ಗಟ್ಟಿಯಾಗಿ ಸದ್ದು ಕೊಡುವ ಗಳಗಳನ್ನೇ ಆರಿಸಿದೆವು. ಓಟೆ ಹಗುರವಾಗಿದ್ದರೂ ಅದರ ಗೋಡೆ ತೆಳು, ಬಾಗಿಸಿದಲ್ಲಿ ಚಪ್ಪಟೆಯಾಗುತ್ತದೆ. ನಾವು ನಿಲ್ಲುವ ಕಡೆ ಮರದ ಕೊಂಬೆಗಳು ನೀರಿನ ಮೇಲೆ ಬಾಗಿರುವ ಕಾರಣ ಕೋಲಿನ ಉದ್ದ 10 ಅಡಿ ಸಾಕೆಂದು ನಿರ್ಧರಿಸಿದೆವು. ಕ್ರಿಸ್ಮಸ್ ರಜೆಯಲ್ಲಿ ಕಡಿದ ಗಳಗಳು ಬೇಸಿಗೆ ರಜೆಯವರೆಗೆ ಅಟ್ಟದ ನೆರಳಿನಲ್ಲಿ ಒಣಗಿದವು. ಬಿಸಿಲಿಗೆ ಹಾಕಿದರೆ ಬೇಗ ಒಣಗೀತು ನಿಜ, ಆದರೆ ಹೊರಮೈ ಮೊದಲು ಕುಗ್ಗಿ ಬಿರುಕು ಬಿಡುತ್ತದೆ.

ಡೊಂಕು ತೆಗೆಯುವುದು ಕೆಂಡದ ಕೆಲಸ. ಕೆಂಡದ ಮೇಲೆ ಗಳವನ್ನು ತಿರುಗಿಸುತ್ತ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಮೈ ಎಣ್ಣೆ ಸವರಿದಂತೆ ಹೊಳೆಯುತ್ತದೆ. ನಾರುಗಳನ್ನು ಒಂದಕ್ಕೊಂದು ಅಂಟಿಸಿರುವ ಲಿಗ್ನಿನ್ ಎಂಬ ವಸ್ತು ಶಾಖಕ್ಕೆ ಮೆದುವಾಗುವ ಹೊತ್ತು ಅದು. ಆಗ ಮೆಲ್ಲನೆ ನೆಟ್ಟಗೆ ಮಾಡಿ, ಒದ್ದೆ ಬಟ್ಟೆಯಿಂದ ಒರಸಿ, ತಣಿಯುವ ತನಕ ಅಲುಗದಂತೆ ಹಿಡಿಯಬೇಕು. ಕಪ್ಪಾದರೆ ಬಿದಿರು ಪೆಡಸಾಯಿತೆಂದೇ ಅರ್ಥ.

ಇಷ್ಟರವರೆಗೆ ಎಲ್ಲವೂ ಸರಿಯಾಗಿತ್ತು. ಕೋಲು ನಯವಾಗಿ ಕಾಣಲೆಂದು ನಾವು ಕತ್ತಿಯಿಂದ ಗಿಣ್ಣುಗಳನ್ನು ಕೆತ್ತಿ, ಹಸಿರು ಮಾಸಿದ ಸಿಪ್ಪೆಯನ್ನೂ ಹೆರೆದೆವು. ನೋಡಲು ಪೇಟೆಯ ಕೋಲಿನಂತೆಯೇ ಇತ್ತು! ಹೊಳೆಗೆ ಹೋದ ಮೊದಲ ದಿನವೇ ಸಾಕಷ್ಟು ದೊಡ್ಡ ಮೀನೊಂದು ಸಿಕ್ಕಿಕೊಂಡಿತು. ಎತ್ತುವಷ್ಟರಲ್ಲಿ ಚೆನ್ನಾಗಿ ಕೆತ್ತಿದ್ದ ಗಿಣ್ಣಿನ ಬಳಿಯಲ್ಲೇ ಕೋಲು 'ಫಟ್' ಎಂದು ಮುರಿಯಿತು. ದಾರವನ್ನು ತುದಿಗೆ ಮಾತ್ರ ಕಟ್ಟಿದ್ದೆವು. ಮುರಿದ ತುದಿಯೊಂದಿಗೆ ಮೀನೂ ಹೋಯಿತು. ಗಾಳ ನುಂಗಿ ಕೋಲಿನ ತುಂಡನ್ನೆಳೆದುಕೊಂಡು ಹೋದ ಆ ಮೀನಿನ ಗತಿಯೇನಾಯಿತೋ ಎಂಬ ಯೋಚನೆ ನಮ್ಮನ್ನು ಬಹಳ ದಿನ ಬಿಡಲಿಲ್ಲ.

ಮುರಿದ ಕಡೆಯನ್ನು ಭೂತಗನ್ನಡಿಯಲ್ಲಿ ನೋಡಿದೆವು. ಬಿದಿರು ಹುಲ್ಲಿನ ಜಾತಿಯ ಸಸ್ಯ. ಅದರ ಗೋಡೆಯ ಅಡ್ಡಸೀಳಿನಲ್ಲಿ ಕಾಣುವ ಕಪ್ಪು ಚುಕ್ಕೆಗಳೇ ನಾರಿನ ಕಟ್ಟುಗಳು. ಅವು ಒಳಗಡೆ ವಿರಳ, ಸಿಪ್ಪೆಯ ಕಡೆಗೆ ಒತ್ತೊತ್ತು. ಕೋಲು ಬಾಗಿದಾಗ ಉಬ್ಬಿದ ಬದಿಯ ಹೊರಮೈ ಎಳೆಯಲ್ಪಡುತ್ತದೆ, ತಗ್ಗಿದ ಬದಿ ಒತ್ತಲ್ಪಡುತ್ತದೆ. ನಡುವಿನ ಭಾಗಕ್ಕೆ ಹೆಚ್ಚಿನ ಕೆಲಸವಿಲ್ಲ. ಬಿದಿರು ಒಳಗೆ ಟೊಳ್ಳಾಗಿದ್ದೂ ಬಲವಾಗಿರುವುದು ಇದರಿಂದಲೇ. ಎಲ್ಲಕ್ಕಿಂತ ಹೆಚ್ಚು ದುಡಿಯುವ ಭಾಗವನ್ನೇ ನಾವು ಅಂದಕ್ಕಾಗಿ ಹೆರೆದು ಎಸೆದಿದ್ದೆವು! ಅಮೆರಿಕದಲ್ಲಿ ಬಿದಿರಿನ ಸೀಳುಗಳನ್ನು ಅಂಟಿಸಿ ಕೋಲು ಮಾಡುವ ವಿಧಾನದ ಆರಂಭಕ್ಕೆ 1840ರ ದಶಕದ ಸ್ಯಾಮ್ಯುಯೆಲ್ ಫಿಲಿಪ್ ಎಂಬ ಬಂದೂಕು ತಯಾರಕನ ಹೆಸರನ್ನು ಹೇಳುತ್ತಾರೆ. ಇಂದಿಗೂ ಅಂತಹ ಕೋಲು ಮಾಡುವವರು ಸೀಳುಗಳ ಒಳಬದಿಯನ್ನು ಉಜ್ಜಿ ತೆಳುಗೊಳಿಸುತ್ತಾರೆಯೇ ಹೊರತು ಸಿಪ್ಪೆಯ ಬದಿಯ ನಾರನ್ನು ಕಡಿಯುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಮಾಡಿದೆವು. ಗಾಳದ ಕೋಲು ಒಂದು ಸನ್ನೆ. ಒಂದು ಕೈ ಬುಡದಲ್ಲಿ, ಇನ್ನೊಂದು 1 ಅಡಿ ಮುಂದೆ ಇದ್ದರೆ ತುದಿಗೆ 9 ಅಡಿ ದೂರ. ಕೋಲು ಅಡ್ಡವಾಗಿರುವಾಗ 250 ಗ್ರಾಂ ತೂಕದ ಮೀನು ತುದಿಯಲ್ಲಿ ತೂಗಿದರೆ, ಕೋಲಿನ ಭಾರವನ್ನು ಬಿಟ್ಟರೂ, ಬುಡದ ಕೈ 2¼ ಕಿಲೋ ಭಾರದಷ್ಟು ಬಲದಿಂದ ಕೆಳಗೆ ಒತ್ತಬೇಕು. ಕೋಲನ್ನು ಎತ್ತಿ ಹಿಡಿದು ಅದು ಬಾಗಿತೆನ್ನಿ. ಮೀನಿನ ಭಾರ ಕೈಗೆ ಅಡ್ಡಲಾಗಿ 5 ಅಡಿ ದೂರಕ್ಕೆ ಬಂದರೆ 1¼ ಕಿಲೋ ಸಾಕು. ಬಾಗುವುದು ಕೋಲಿನ ದೋಷವೆಂದು ನಾವು ತಿಳಿದದ್ದು ತಪ್ಪು.

ಎರಡನೆಯ ಗಳಕ್ಕೆ ಕತ್ತಿ ತಾಗಿಸಲಿಲ್ಲ. ಗಿಣ್ಣಿನ ಮುಳ್ಳುಗಳನ್ನಷ್ಟೇ ಮರಳುಕಾಗದದಿಂದ ಉಜ್ಜಿದೆವು. ತುದಿಗೆ ತಂತಿಯ ಉಂಗುರವಿಟ್ಟು ನೂಲನ್ನು ಒತ್ತಾಗಿ ಸುತ್ತಿ ವಾರ್ನಿಷ್ ಬಳಿದೆವು. ನಮ್ಮ ಕಡಲ ಕರೆಯವರು ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೂ ಬಳಸಬಹುದಿತ್ತು, ಆದರೆ ಕೈಗೆ ತಾಗಿದರೆ ಬೊಕ್ಕೆ ಏಳುತ್ತದೆ. ದಾರವನ್ನು ಈ ಸಲ ಹಿಡಿಯ ಬಳಿ ಬಿಗಿದು, ಕೋಲಿನ ಉದ್ದಕ್ಕೂ ಅಲ್ಲಲ್ಲಿ ಸುತ್ತಿ ಉಂಗುರದಿಂದ ಹೊರತಂದೆವು. ಕೋಲು ಮುರಿದರೂ ಮೀನು ಕೈತಪ್ಪಿ ನರಳಬಾರದಲ್ಲ!

ಹೊಳೆಗೆ ಒಯ್ಯುವ ಮೊದಲು ಕರಿಹಲಗೆಯ ಮುಂದೆ ಕೋಲನ್ನು ಅಡ್ಡ ಹಿಡಿದು, ತುದಿಗೆ ಅರ್ಧ ಲೀಟರ್ ನೀರಿನ ಬಾಟಲಿ ತೂಗಿಸಿ, ಬಾಗಿದ ಗೆರೆಯನ್ನು ಸೀಮೆಸುಣ್ಣದಿಂದ ಬರೆದೆವು. ಎಲ್ಲಿಯೂ ಥಟ್ಟನೆ ಮಡಚದೆ ಬುಡದಿಂದ ತುದಿಗೆ ಬಳುಕುತ್ತ ಹೋದ ಗೆರೆ ಅದು. ಮೇ ತಿಂಗಳ ಕೊನೆಯ ವಾರ ಅದೇ ಕೋಲಿಗೆ ಎರಡು ಕರಿಮೀನುಗಳು ಬಂದವು. ಒಂದು ಅಜ್ಜನ ಮನೆಗೆ ಹೋಯಿತು. ಗೋಡೆಗೆ ಒರಗಿಸಿಟ್ಟರೆ ಡೊಂಕಾಗುವುದೆಂದು ಕೋಲನ್ನು ಈಗ ಪ್ರಯೋಗಾಲಯದ ಬಾಗಿಲ ಹಿಂದೆ ನೇರವಾಗಿ ತೂಗುಹಾಕಿದ್ದೇವೆ.