ಡಿಗ್ರಿಯೋ, ರೇಡಿಯನ್ನೋ? ಮೊದಲು ನೋಡಿ!



ನಮ್ಮಕ್ಕ ಪಿಯುಸಿ ಓದುತ್ತಾಳೆ. ಲೆಕ್ಕ ಮಾಡೋಕೆ ಗೆಳತಿಯ ಕ್ಯಾಲ್ಕುಲೇಟರ್ ತಂದಿದ್ದಳು. ನಾನು ಅದರ ಗುಂಡಿಗಳನ್ನೆಲ್ಲ ಒತ್ತಿ ಆಟವಾಡಿದೆ. ಆಮೇಲೆ ಅಕ್ಕ ಸೈನ್ 30 ಒತ್ತಿದರೆ 0.5 ಬರುವ ಬದಲು −0.988 ಬಂತು! "ಬೇರೆಯವರ ವಸ್ತು ಕೆಡಿಸಿಬಿಟ್ಟೆಯಲ್ಲೋ" ಅಂತ ಬೈದಳು. ನನಗೆ ಅಳುವೇ ಬಂತು.

ಮಾರನೇ ದಿನ ಅಕ್ಕನೇ ನಗುತ್ತಾ ಬಂದಳು. ಕ್ಯಾಲ್ಕುಲೇಟರ್ ಕೆಟ್ಟಿರಲಿಲ್ಲ. ಪರದೆಯ ಮೇಲೆ 'ಡಿ' ಇರಬೇಕಾದ ಕಡೆ 'ಆರ್' ಇತ್ತು, ಅಷ್ಟೆ. ಡಿ ಅಂದ್ರೆ ಡಿಗ್ರಿ, ಆರ್ ಅಂದ್ರೆ ರೇಡಿಯನ್. ಎರಡೂ ಕೋನ ಅಳೆಯುವ ಮಾನಗಳು.

ರೇಡಿಯನ್ ಅಂದ್ರೇನು?

ಕೈವಾರದಿಂದ ದೊಡ್ಡ ವೃತ್ತ ಎಳೆಯಿರಿ. ತ್ರಿಜ್ಯದಷ್ಟೇ ಉದ್ದದ ದಾರ ಕತ್ತರಿಸಿ ವೃತ್ತದ ಗೆರೆಯ ಮೇಲೆ ಕೂರಿಸಿ. ದಾರದ ಎರಡೂ ತುದಿಗಳಿಂದ ಕೇಂದ್ರಕ್ಕೆ ಗೆರೆ ಎಳೆಯಿರಿ. ಕೇಂದ್ರದಲ್ಲಿ ಆಗುವ ಕೋನವೇ 1 ರೇಡಿಯನ್. ನಾನು ಕೋನಮಾಪಕ ಇಟ್ಟು ನೋಡಿದೆ, 57 ಡಿಗ್ರಿಗಿಂತ ಚೂರು ಜಾಸ್ತಿ ಇತ್ತು. ಪೂರ್ತಿ ಸುತ್ತಿಗೆ ಆ ದಾರ 6 ಸಲ ಹಿಡಿದು ಇನ್ನೂ ಸ್ವಲ್ಪ ಜಾಗ ಉಳಿಯಿತು. ಸರಿಯಾಗಿ ಹೇಳಿದರೆ 2 ಪೈ, ಅಂದರೆ ಸುಮಾರು 6.28 ಸಲ. ಆದ್ದರಿಂದ,

2 ಪೈ ರೇಡಿಯನ್ = 360 ಡಿಗ್ರಿ
ಪೈ ರೇಡಿಯನ್ = 180 ಡಿಗ್ರಿ

ಕ್ಯಾಲ್ಕುಲೇಟರ್ 30ನ್ನು ರೇಡಿಯನ್ ಅಂದುಕೊಂಡಿತ್ತು. ಅದು ಸುಮಾರು 1719 ಡಿಗ್ರಿ. ನಾಲ್ಕು ಸುತ್ತು ಸುತ್ತಿ ಮತ್ತೂ ಮುಂದೆ ಹೋಗಿತ್ತು!

ಒಂದು ಲೆಕ್ಕ

ಅಕ್ಕನ ನೋಟ್ಸಿನಲ್ಲಿ ಇದ್ದದ್ದು: ಸೈನ್ (ಅ + ಪೈ/6) = 1. 'ಅ' ಒಂದು ಲಘುಕೋನ. ಅದು ಎಷ್ಟು ಡಿಗ್ರಿ?

ಸೈನ್ ಪಾಠ ನಮಗಿನ್ನೂ ಬಂದಿಲ್ಲ. ಸೈನ್ 90 ಡಿಗ್ರಿ = 1 ಅಂತ ಗೊತ್ತಿದ್ದರೆ ಸಾಕು.

ಪೈ/6 ರೇಡಿಯನ್ = 180 ÷ 6 = 30 ಡಿಗ್ರಿ
ಅ + 30 = 90
ಅ = 60 ಡಿಗ್ರಿ

ನಾನು ಮೊದಲು ಪೈ/6 ಅಂದರೆ 0.52 ಅಂತ 90ರಲ್ಲಿ ಕಳೆದು 89.48 ಬರೆದಿದ್ದೆ. ತಪ್ಪು! ಅದು 2 ಮೊಳಕ್ಕೆ 3 ಮೀಟರ್ ಕೂಡಿಸಿ 5 ಅಂದ ಹಾಗೆ.

ನಿಮಗಿದು ಗೊತ್ತೇ?

ಆರ್ಯಭಟರು ಕ್ರಿ.ಶ. 499ರಲ್ಲಿ 'ಆರ್ಯಭಟೀಯ' ಬರೆದರು. ಸೈನನ್ನು ಆಗ 'ಜ್ಯಾ' ಅನ್ನುತ್ತಿದ್ದರು. ಅವರ ಜ್ಯಾ ಪಟ್ಟಿಯಲ್ಲಿ ವೃತ್ತದ ತ್ರಿಜ್ಯ 3438 ಕಲೆ. 60 ಕಲೆಗೆ 1 ಡಿಗ್ರಿ. 3438ನ್ನು 60ರಿಂದ ಭಾಗಿಸಿ ನೋಡಿ: 57.3. ನಮ್ಮ ದಾರದ ಕೋನವೇ ಬಂತು!

ನಿಮಗೊಂದು ಲೆಕ್ಕ: ತ್ರಿಭುಜದ ಒಂದು ಕೋನ 50 ಡಿಗ್ರಿ, ಇನ್ನೊಂದು ಪೈ/3 ರೇಡಿಯನ್. ಮೂರನೆಯದು ಎಷ್ಟು? ಕೂಡುವ ಮೊದಲು ಎರಡನ್ನೂ ಒಂದೇ ಮಾನಕ್ಕೆ ತನ್ನಿ. (ಉತ್ತರ: 70 ಡಿಗ್ರಿ)

– 7ನೇ ತರಗತಿ ವಿದ್ಯಾರ್ಥಿ