ಓಟ್ಸ್ ಚಾಕೊಲೇಟ್ ಚಿಪ್ ಕುಕೀಸ್: ಮಿಕ್ಸ್ ನಮ್ಮದು, ಮಾತೂ ನಮ್ಮದು
(ಸ್ವಸಹಾಯ ಸಂಘಗಳ ಸಭೆಯಲ್ಲಿ ಓದಿ ಚರ್ಚಿಸಲು ಒಂದು ಪಾಠ)



ಗುಲಾಬ್ ಜಾಮೂನ್ ಮಿಕ್ಸ್, ರವೆ ಇಡ್ಲಿ ಮಿಕ್ಸ್ ನಾವೆಲ್ಲ ಅಂಗಡಿಯಿಂದ ತಂದವರೇ. ಮಿಕ್ಸ್ ಅಂದರೆ ಏನು? ಅಳತೆಯ ಕೆಲಸವನ್ನು ಬೇರೊಬ್ಬರು ಮೊದಲೇ ಮುಗಿಸಿ, ಒಣ ಸಾಮಾನನ್ನೆಲ್ಲ ಒಂದೇ ಪೊಟ್ಟಣದಲ್ಲಿ ಕೊಡುತ್ತಾರೆ, ಅಷ್ಟೇ. ಆ ಕೆಲಸ ನಮ್ಮ ಸಂಘದಿಂದಲೂ ಆಗುತ್ತದೆ. ಆದರೆ ಪೊಟ್ಟಣ ತೆರೆಯುವವರು ನಮ್ಮ ತೂಕವನ್ನೂ, ಚೀಟಿಯಲ್ಲಿ ನಾವು ಬರೆದದ್ದನ್ನೂ ನಂಬಿ ಮಕ್ಕಳಿಗೆ ತಿನ್ನಿಸುತ್ತಾರೆ. ಆ ನಂಬಿಕೆ ಹೇಗೆ ಉಳಿಸಿಕೊಳ್ಳಬೇಕು ಎಂಬುದೇ ಈ ಪಾಠ.

ತಿಂಡಿಯ ಹಿನ್ನೆಲೆ

ಚಾಕೊಲೇಟ್ ಚೂರು ಹಾಕಿದ ಕುಕೀಸ್ ಹುಟ್ಟಿದ್ದು ಅಮೆರಿಕದಲ್ಲಿ. 1930ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವಿಟ್‌ಮನ್ ಊರಿನಲ್ಲಿ ಟೋಲ್ ಹೌಸ್ ಎಂಬ ಹೋಟೆಲ್ ನಡೆಸುತ್ತಿದ್ದ ರೂತ್ ವೇಕ್‌ಫೀಲ್ಡ್ ಎಂಬ ಮಹಿಳೆ ಇದನ್ನು ಮಾಡಿ ಹೆಸರಾದರು. ಆಕೆ ಗೃಹವಿಜ್ಞಾನ ಓದಿದವರು. ಅಲ್ಲಿನ ಮನೆಗಳಲ್ಲಿ ಓಟ್ಸ್ ಸೇರಿಸಿ ಮಾಡುವ ಪದ್ಧತಿಯೂ ಇದೆ. ಒಣ ಸಾಮಾನನ್ನು ಗಾಜಿನ ಜಾಡಿಯಲ್ಲಿ ಪದರ ಪದರವಾಗಿ ತುಂಬಿ, ಮಾಡುವ ವಿಧಾನದ ಚೀಟಿ ಕಟ್ಟಿ, ಕ್ರಿಸ್ಮಸ್ ಹಬ್ಬಕ್ಕೆ ಉಡುಗೊರೆ ಕೊಡುತ್ತಾರೆ.

ಚಾಕೊಲೇಟ್ ನಮಗೂ ದೂರದ್ದಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತಾರೆ. ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ 1986ರಲ್ಲೇ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು.

ಒಂದು ಪೊಟ್ಟಣದ ಅಳತೆ (20 ಕುಕೀಸಿಗೆ)

- ಗೋಧಿ ಹಿಟ್ಟು: 110 ಗ್ರಾಂ
- ಓಟ್ಸ್ (ಅವಲಕ್ಕಿಯಂತೆ ಚಪ್ಪಟೆಯಾದದ್ದು, ಮಸಾಲಾ ಓಟ್ಸ್ ಬೇಡ): 110 ಗ್ರಾಂ
- ಒಣಗಿದ ಬೆಲ್ಲದ ಪುಡಿ: 80 ಗ್ರಾಂ
- ಸಕ್ಕರೆ: 60 ಗ್ರಾಂ
- ಚಾಕೊಲೇಟ್ ಚಿಪ್ಸ್: 80 ಗ್ರಾಂ
- ಅಡುಗೆ ಸೋಡಾ: ಅರ್ಧ ಟೀ ಚಮಚ, ಮಟ್ಟ ಮಾಡಿ
- ದಾಲ್ಚಿನ್ನಿ ಪುಡಿ: ಅರ್ಧ ಟೀ ಚಮಚ
- ಉಪ್ಪು: ಒಂದು ಚಿಟಿಕೆ (ಮಾಮೂಲಿ ಪ್ಯಾಕೆಟ್ ಬೆಣ್ಣೆಯಲ್ಲೇ ಉಪ್ಪಿರುತ್ತದೆ)

ಬೇಕಿದ್ದರೆ ಗೋಧಿ ಹಿಟ್ಟಿನಲ್ಲಿ 30 ಗ್ರಾಂ ತೆಗೆದು ಅಷ್ಟೇ ರಾಗಿ ಹಿಟ್ಟು ಹಾಕಬಹುದು. ಜಾಸ್ತಿ ಹಾಕಿದರೆ ಅಂಟು ಸಾಲದೆ ಕುಕೀಸ್ ಪುಡಿಯಾಗುತ್ತದೆ.

ಮಿಕ್ಸ್ ತುಂಬುವಾಗ

ಮೊದಲು ಹಿಟ್ಟು, ಸೋಡಾ, ಉಪ್ಪು, ದಾಲ್ಚಿನ್ನಿ ಒಟ್ಟಿಗೆ ಜರಡಿ ಹಿಡಿಯಿರಿ. ಸೋಡಾ ಗಂಟು ಉಳಿದರೆ ಆ ತುತ್ತು ಕಹಿಯಾಗುತ್ತದೆ. ಹತ್ತು ಪೊಟ್ಟಣದ ಸಾಮಾನನ್ನು ದೊಡ್ಡ ಪಾತ್ರೆಯಲ್ಲಿ ಕಲಸಿ ಹಂಚಲು ಹೋಗಬೇಡಿ. ಚಿಪ್ಸ್ ಒಂದು ಕಡೆ, ಓಟ್ಸ್ ಒಂದು ಕಡೆ ಸೇರಿಬಿಡುತ್ತವೆ; ಒಂದು ಮನೆಗೆ ಸಿಹಿ, ಇನ್ನೊಂದು ಮನೆಗೆ ಸಪ್ಪೆ. ಪ್ರತಿ ಪೊಟ್ಟಣಕ್ಕೂ ಬೇರೆಬೇರೆಯಾಗಿ ತೂಗಿ. ಲೋಟದ ಅಳತೆ ಬೇಡ, ತಕ್ಕಡಿಯೇ ಇರಲಿ.

ಮಿಕ್ಸಿಗೆ ದೊಡ್ಡ ಶತ್ರು ತೇವ. ತೇವ ತಗುಲಿದರೆ ಬೆಲ್ಲ ಗಟ್ಟಿಯಾಗುತ್ತದೆ, ಹಿಟ್ಟಿಗೆ ಹುಳ ಹಿಡಿಯುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನ ಸಂಘದವರು, ಬಿಸಿಲು ಬಂದ ದಿನ ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಮಾಡಿ. ಗೋಧಿ ಹಿಟ್ಟಿನಲ್ಲಿ ಮೊಳಕೆ ಭಾಗದ ಎಣ್ಣೆಯಂಶ ಇರುವುದರಿಂದ ಮೈದಾಕ್ಕಿಂತ ಬೇಗ ಕಮಟು ವಾಸನೆ ಬರುತ್ತದೆ. ಮನೆ ಬಳಕೆಗಾದರೆ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ತಿಂಗಳಲ್ಲಿ ಮುಗಿಸಿ.

ಬೇಯಿಸುವ ಕ್ರಮ (ಇದನ್ನು ಚೀಟಿಯಲ್ಲಿ ಬರೆಯಿರಿ)

1. ಮೆತ್ತಗಾದ 100 ಗ್ರಾಂ ಬೆಣ್ಣೆ, ಒಂದು ಮೊಟ್ಟೆ, ಒಂದು ಟೀ ಚಮಚ ವೆನಿಲಾ ಎಸೆನ್ಸ್ ಚೆನ್ನಾಗಿ ಕಲಸಿ. ಮೊಟ್ಟೆ ತಿನ್ನದವರು ಮೂರು ದೊಡ್ಡ ಚಮಚ ಮೊಸರು ಹಾಕಬಹುದು.
2. ಮಿಕ್ಸ್ ಸುರಿದು ಹಿಟ್ಟು ಒಂದಾಗುವಷ್ಟು ಮಾತ್ರ ಕಲಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಕುಕೀಸ್ ಗಟ್ಟಿಯಾಗುತ್ತದೆ. ಹತ್ತು ನಿಮಿಷ ಬಿಟ್ಟರೆ ಓಟ್ಸ್ ನೆನೆಯುತ್ತದೆ.
3. ನಿಂಬೆಹಣ್ಣಿನ ಗಾತ್ರದ 20 ಉಂಡೆ ಮಾಡಿ, ಸ್ವಲ್ಪ ಚಪ್ಪಟೆ ಮಾಡಿ, ಎರಡೆರಡು ಬೆರಳು ಅಂತರ ಬಿಟ್ಟು ತಟ್ಟೆಯಲ್ಲಿಡಿ.
4. ಮೊದಲೇ ಕಾಯಿಸಿದ ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ 11ರಿಂದ 13 ನಿಮಿಷ. ಅಂಚು ಕೆಂಪಾಗಿ ನಡು ಇನ್ನೂ ಮೆತ್ತಗಿರುವಾಗಲೇ ತೆಗೆಯಿರಿ. ಐದು ನಿಮಿಷ ತಟ್ಟೆಯಲ್ಲೇ ಇದ್ದರೆ ಗಟ್ಟಿಯಾಗುತ್ತದೆ.

ಓವನ್ ಇಲ್ಲವೇ? ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಉಪ್ಪು ಅಥವಾ ಮರಳು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಿ. 20 ನಿಮಿಷದವರೆಗೆ ಬೇಕಾದೀತು. ಮಕ್ಕಳು ಹಸಿ ಹಿಟ್ಟು ನೆಕ್ಕಲು ಬಿಡಬೇಡಿ. ಹಸಿ ಮೊಟ್ಟೆಯಿಂದ ಮಾತ್ರವಲ್ಲ, ಹಸಿ ಹಿಟ್ಟಿನಿಂದಲೂ ಹೊಟ್ಟೆ ಕೆಡಬಹುದು.

“ಆರೋಗ್ಯಕ್ಕೆ ಒಳ್ಳೆಯದು” ಅಂತ ಬರೆಯೋಣವೇ?

ಓಟ್ಸ್ ಇದೆ, ಬೆಲ್ಲ ಇದೆ, ಹಾಗಾಗಿ “ಶುಗರ್ ಇದ್ದವರೂ ತಿನ್ನಬಹುದು” ಎಂದು ಚೀಟಿಯಲ್ಲಿ ಹಾಕುವ ಆಸೆ ಆಗುತ್ತದೆ. ಮೊದಲು ಲೆಕ್ಕ ಮಾಡಿ. 110 ಗ್ರಾಂ ಓಟ್ಸ್ 20ಕ್ಕೆ ಹಂಚಿದರೆ ಒಂದಕ್ಕೆ ಬರುವುದು ಐದೂವರೆ ಗ್ರಾಂ. ಸಕ್ಕರೆ ಬೆಲ್ಲ ಸೇರಿ 7 ಗ್ರಾಂ, ಚಿಪ್ಸ್‌ನಲ್ಲಿರುವ ಸಕ್ಕರೆ ಇನ್ನೆರಡು ಗ್ರಾಂ. ಅಂದರೆ ಒಂದು ಕುಕೀಸಿನಲ್ಲಿ ಎರಡು ಚಮಚದಷ್ಟು ಸಿಹಿ. ದಿನಕ್ಕೆ ಸುಮಾರು 25 ಗ್ರಾಂ ಒಳಗೆ ಇದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಮೂರು ಕುಕೀಸ್ ತಿಂದರೆ ಅದು ದಾಟಿತು! ಬೆಲ್ಲವೂ ಸಕ್ಕರೆಯ ಲೆಕ್ಕಕ್ಕೇ ಬರುತ್ತದೆ. ಹೀಗಿರುವಾಗ ಅಂಥ ಮಾತು ಬರೆದರೆ ಅದು ಸುಳ್ಳು. ನಂಬಿ ತಿಂದ ಅಜ್ಜಿಯೊಬ್ಬರಿಗೆ ತೊಂದರೆಯಾದರೆ ಹೊಣೆ ಯಾರು? “ಮನೆಯಲ್ಲಿ ಮಾಡಿದ್ದು, ಮೈದಾ ಹಾಕಿಲ್ಲ” ಎಂಬುದು ಸತ್ಯ, ಅದನ್ನು ಧೈರ್ಯವಾಗಿ ಬರೆಯಿರಿ.

ಮಾರುವ ಮೊದಲು

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕಾರ ಸಣ್ಣದಾಗಿ ತಯಾರಿಸಿ ಮಾರುವವರೂ ನೋಂದಣಿ ಮಾಡಿಸಬೇಕು. ಸಿಗುವ 14 ಅಂಕಿಯ ಸಂಖ್ಯೆ ಪೊಟ್ಟಣದ ಮೇಲಿರಬೇಕು. ಜೊತೆಗೆ ಸಾಮಾನುಗಳ ಪಟ್ಟಿ (ಹೆಚ್ಚು ತೂಕದ್ದು ಮೊದಲು), ನಿವ್ವಳ ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ಸಂಘದ ವಿಳಾಸ ಇವೆಲ್ಲ ಬೇಕು. ಗೋಧಿ, ಹಾಲು, ಸೋಯಾ ಕೆಲವರಿಗೆ ಒಗ್ಗುವುದಿಲ್ಲ. ಚಿಪ್ಸ್ ಪ್ಯಾಕೆಟ್ಟಿನ ಹಿಂಬದಿ ಓದಿ, ಅದರಲ್ಲಿ ಏನೇನಿದೆಯೋ ಅದನ್ನು ನಮ್ಮ ಚೀಟಿಯಲ್ಲೂ ಕಾಣಿಸಿ.

ಬೆಲೆ ಕಟ್ಟುವಾಗ ಸಾಮಾನು, ಪೊಟ್ಟಣ, ಸಾಗಾಟದ ಖರ್ಚು ಕೂಡಿಸುತ್ತೇವೆ, ನಮ್ಮ ಕೂಲಿಯನ್ನು ಮಾತ್ರ ಮರೆಯುತ್ತೇವೆ. ಮೂವರು ಎರಡು ಗಂಟೆ ಕೂತು 20 ಪೊಟ್ಟಣ ಮಾಡಿದರೆ ಅದು ಆರು ಗಂಟೆಯ ದುಡಿಮೆ. ಆ ಕೂಲಿಯನ್ನು 20ರಿಂದ ಭಾಗಿಸಿ ಪ್ರತಿ ಪೊಟ್ಟಣಕ್ಕೆ ಸೇರಿಸಿ. “ಮನೆ ಕೆಲಸದ ಮಧ್ಯೆ ಮಾಡಿದ್ದಲ್ವಾ, ಅದಕ್ಕೇನು ಕೂಲಿ” ಅಂತ ಬಿಟ್ಟುಕೊಡಬೇಡಿ. ಕೂಲಿ ಇಲ್ಲದ ಲಾಭ ಲಾಭವೇ ಅಲ್ಲ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಗ್ರಾಂ ತೋರಿಸುವ ತಕ್ಕಡಿ ಇದೆಯೇ? ತೂಕದ ಜವಾಬ್ದಾರಿ ಯಾರಿಗೆ ಕೊಡೋಣ?
2. ನಮ್ಮೂರಿನ ಇಂದಿನ ದರದಲ್ಲಿ ಒಂದು ಪೊಟ್ಟಣಕ್ಕೆ, ಕೂಲಿ ಸೇರಿ, ಎಷ್ಟು ಬೀಳುತ್ತದೆ?
3. ಮನೆಯಲ್ಲಿರುವ ಯಾವುದಾದರೂ ಬಿಸ್ಕೆಟ್ ಪ್ಯಾಕೆಟ್ ತಂದು ಹಿಂಬದಿ ಓದಿ. ಮುಂಬದಿಯ ಮಾತಿಗೂ ಹಿಂಬದಿಯ ಪಟ್ಟಿಗೂ ತಾಳೆಯಾಗುತ್ತದೆಯೇ?

ಮುಂದಿನ ಸಭೆಗೆ: ಇಬ್ಬರು ಸೇರಿ ಎರಡು ಪೊಟ್ಟಣ ತಯಾರಿಸಿ, ಒಂದನ್ನು ಈ ಕೆಲಸ ಗೊತ್ತಿಲ್ಲದ ನೆರೆಮನೆಯವರಿಗೆ ಕೊಡಿ. ಚೀಟಿ ಓದಿಯೇ ಅವರಿಗೆ ಮಾಡಲು ಬಂದರೆ ಮಿಕ್ಸ್ ಗೆದ್ದಂತೆ. ಬಾರದಿದ್ದರೆ ಎಲ್ಲಿ ತಡವರಿಸಿದರು ಕೇಳಿ, ಚೀಟಿಯನ್ನು ತಿದ್ದಿ.